ಅಪಾಯದ್ರವ್ಯಸಂಹಿತೆ ಮತ್ತು ಸನ್ನಿಧಿವಿಚಾರ

ಶಾಸ್ತ್ರಗ್ರಂಥವೊಂದನ್ನು ವಿಮರ್ಶಿಸುವಾಗ ಅದರ ಲಕ್ಷಣವಾಕ್ಯಗಳು ನಿರ್ದುಷ್ಟವಾಗಿವೆಯೇ, ವಿಧಿನಿಷೇಧಗಳು ಸಂದೇಹಕ್ಕೆ ಎಡೆಗೊಡದಂತಿವೆಯೇ ಎಂದು ಪರೀಕ್ಷಿಸುವುದು ನಮ್ಮ ಪೂರ್ವಿಕರ ಪದ್ಧತಿಯು. ಲೋಕವ್ಯವಹಾರಕ್ಕಾಗಿ ರಚಿತವಾದ ನಿಯಮಗ್ರಂಥಗಳನ್ನು ಈ ದೃಷ್ಟಿಯಿಂದ ಓದುವವರು ವಿರಳರು. ಅಪಾಯಕರವಾದ ಸರಕುಗಳನ್ನು ಹಡಗಿನಲ್ಲಿ ಹೇಗೆ ಇಡಬೇಕು, ಹೇಗೆ ಸಾಗಿಸಬೇಕೆಂಬುದನ್ನು ತಿಳಿಸುವ ಅಂತಾರಾಷ್ಟ್ರೀಯ ಸಂಹಿತೆಯೊಂದುಂಟು. ೧೯೬೫ನೆಯ ಇಸವಿಯಲ್ಲಿ ಅಂಗೀಕೃತವಾದ ಈ ಗ್ರಂಥವನ್ನು ನಾವಿಕರು ಐ.ಎಂ.ಡಿ.ಜಿ. ಕೋಡ್ ಎಂದು ಕರೆಯುತ್ತಾರೆ. ಬಂದರುಗಳ ನಿಯಮಗಳೂ ಬಹುಮಟ್ಟಿಗೆ ಇದನ್ನೇ ಅನುಸರಿಸುತ್ತವೆ. ಇದರ ಗುಣದೋಷಗಳನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ವಿಷಯವು ನಮಗೆ ತೀರ ಹೊಸದಲ್ಲ. ಮೈಸೂರಿನಲ್ಲಿ ದೊರೆತ ಓಲೆಯ ಪ್ರತಿಯಿಂದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನ ಪ್ರಕರಣವಿದೆ. ಶಸ್ತ್ರವನ್ನೂ ಅಗ್ನಿಯೋಗವನ್ನೂ ಗುಟ್ಟಾಗಿ ಒಯ್ಯುವವನನ್ನು, ವಿಷಹಸ್ತನನ್ನು ಕಡವಿನಲ್ಲಿ ತಡೆದು ಹಿಡಿಯಬೇಕೆಂದು ಅಲ್ಲಿ ವಿಹಿತವಾಗಿದೆ. ಆದರೆ ಅಲ್ಲಿ ಶಂಕೆಗೆ ವಿಷಯನಾದವನು ದ್ರವ್ಯವನ್ನು ಒಯ್ಯುವ ಮನುಷ್ಯನು. ಆಧುನಿಕ ಸಂಹಿತೆಯಲ್ಲಿ ಒಯ್ಯುವವನು ಎಷ್ಟೇ ಸಜ್ಜನನಾಗಿದ್ದರೂ ದ್ರವ್ಯದ ಸ್ವಭಾವವನ್ನೇ ವಿಚಾರಿಸತಕ್ಕದ್ದಾಗಿದೆ.

ಸಂಹಿತೆಯು ದ್ರವ್ಯಗಳನ್ನು ಒಂಬತ್ತು ವರ್ಗಗಳಾಗಿ ವಿಭಾಗಿಸುತ್ತದೆ: ಸ್ಫೋಟಕಗಳು, ಅನಿಲಗಳು, ಉರಿಯುವ ದ್ರವಗಳು, ಉರಿಯುವ ಘನವಸ್ತುಗಳು, ಆಮ್ಲಜನಕವನ್ನೊದಗಿಸಿ ಉರಿಯನ್ನು ಹೆಚ್ಚಿಸುವವು, ವಿಷಗಳೂ ರೋಗಕಾರಕಗಳೂ, ವಿಕಿರಣಶೀಲಗಳು, ಕೊರೆದು ತಿನ್ನುವವು, ಕಡೆಗೆ ಇತರ ಅಪಾಯದ್ರವ್ಯಗಳು. ಈ ಒಂಬತ್ತನೆಯದನ್ನು ಕಂಡು ವಿಭಾಗವು ಶಿಥಿಲವೆಂದು ಕೆಲವರು ಆಕ್ಷೇಪಿಸಬಹುದು. ವೈಯಾಕರಣರು ಹಾಗೆನ್ನಲಾರರು. ಪರಿಗಣನೆಯಿಂದ ಮುಗಿಯದ ಶಬ್ದಗಳಿಗಾಗಿ ಅವರು ಆಕೃತಿಗಣವನ್ನು ಒಪ್ಪಿರುವಂತೆ, ನಾಳೆ ಹುಟ್ಟುವ ದ್ರವ್ಯಕ್ಕಾಗಿ ಇಲ್ಲಿ ಬಾಗಿಲನ್ನು ತೆರೆದಿಟ್ಟಿದೆ. ಇದು ಅವ್ಯಾಪ್ತಿದೋಷದ ಪರಿಹಾರವೇ ಹೊರತು ಶೈಥಿಲ್ಯವಲ್ಲ.

ಗ್ರಂಥದ ನಿಜವಾದ ಸತ್ತ್ವವಿರುವುದು ವರ್ಗೀಕರಣದಲ್ಲಲ್ಲ, ಸನ್ನಿಧಿವಿಚಾರದಲ್ಲಿ. ವಾಕ್ಯಾರ್ಥಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಕಾರಣವೆಂಬುದು ತರ್ಕವನ್ನೋದಿದ ಬಾಲಕರಿಗೂ ತಿಳಿದಿದೆ. ‘ಬೆಂಕಿಯಿಂದ ನೆನೆಸು’ ಎಂಬಲ್ಲಿ ಯೋಗ್ಯತೆಯಿಲ್ಲದ ಪದಗಳು ಸನ್ನಿಹಿತವಾದರೆ ಅರ್ಥವು ಕೆಡುತ್ತದೆ, ಅಷ್ಟೆ. ಯೋಗ್ಯತೆಯಿಲ್ಲದ ದ್ರವ್ಯಗಳು ಸನ್ನಿಹಿತವಾದರೆ ಊರೇ ಕೆಡುತ್ತದೆ. ಆದುದರಿಂದ ಸಂಹಿತೆಯು ನಾಲ್ಕು ಅಂತರಗಳನ್ನು ವಿಧಿಸುತ್ತದೆ: ಒಂದರಿಂದೊಂದು ದೂರವಾಗಿ, ಬೇರೆ ಕೋಣೆಯಲ್ಲಿ, ನಡುವೆ ಒಂದು ಪೂರ್ಣವಾದ ಕೋಣೆಯನ್ನು ಬಿಟ್ಟು, ಹಡಗಿನ ಉದ್ದಕ್ಕೆ ನಡುವೆ ಪೂರ್ಣವಾದ ಕೋಣೆಯಿರುವಂತೆ.

ಇದಕ್ಕೆ ದುಃಖಕರವಾದ ಉದಾಹರಣೆಯು ೧೯೪೪ನೆಯ ಇಸವಿ ಏಪ್ರಿಲ್ ೧೪ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಡೆಯಿತು. ಫೋರ್ಟ್ ಸ್ಟಿಕಿನ್ ಎಂಬ ಹಡಗಿನಲ್ಲಿ ಸುಮಾರು ೧,೪೦೦ ಟನ್ನು ಸ್ಫೋಟಕಗಳಿದ್ದುವು. ಕರಾಚಿಯಲ್ಲಿ ಸಾವಿರಾರು ಹತ್ತಿಯ ಮೂಟೆಗಳನ್ನೂ ಅದಕ್ಕೇ ಏರಿಸಿದ್ದರು. ಮಧ್ಯಾಹ್ನ ಕಾಣಿಸಿದ ಬೆಂಕಿಯು ನಾಲ್ಕು ಗಂಟೆಯ ಮೇಲೆ ಆರು ನಿಮಿಷಕ್ಕೆ ಹಡಗನ್ನು ಸಿಡಿಸಿತು; ಅರ್ಧ ಗಂಟೆಯೊಳಗೆ ಮತ್ತೊಮ್ಮೆ ಸಿಡಿಯಿತು. ನೂರಾರು ಜನರು, ಬೆಂಕಿಯನ್ನು ಆರಿಸಲು ಬಂದ ಹತ್ತಾರು ಮಂದಿ ಅಗ್ನಿಶಾಮಕರು ಮಡಿದರು. ಅವರ ಸ್ಮರಣಾರ್ಥವಾಗಿಯೇ ಆ ದಿನವು ನಮ್ಮ ದೇಶದಲ್ಲಿ ಅಗ್ನಿಶಾಮಕ ದಿನವಾಗಿದೆ. ಬೆಂಕಿಯು ಹತ್ತಿಯಲ್ಲಿ ಹುಟ್ಟಿರಬಹುದೆಂದು ವಿಚಾರಣಾಮಂಡಲಿಯು ಅಭಿಪ್ರಾಯಪಟ್ಟಿತು. ಮಾನವನ್ನು ಮುಚ್ಚುವ ಹತ್ತಿಗಿಂತ ಸಾಧುವಾದ ದ್ರವ್ಯವಾವುದು? ಸನ್ನಿಧಿದೋಷದಿಂದ ಅದೇ ಮಾರಕವಾಯಿತು.

ಇಲ್ಲಿ ಒಂದು ಶಂಕೆಯು ಹುಟ್ಟುತ್ತದೆ. ಸ್ಫೋಟಕಗಳಿರುವ ಹಡಗು ಕೆಂಪು ಬಾವುಟವನ್ನು ಹಾರಿಸಬೇಕೆಂಬ ನಿಯಮವು ಆಗಲೂ ಇದ್ದಿತಷ್ಟೆ. ನಿಯಮವಿದ್ದೂ ಅನರ್ಥವಾದರೆ ಗ್ರಂಥದಿಂದೇನು ಪ್ರಯೋಜನ? ಸಮಾಧಾನವೇನೆಂದರೆ, ಆ ದಿನ ಬಾವುಟವನ್ನು ಏರಿಸಿರಲಿಲ್ಲ. ಉಚ್ಚರಿಸದ ಶಬ್ದವು ಬೋಧವನ್ನುಂಟುಮಾಡದು.

ಇನ್ನು ದೋಷಗಳು. ೨೦೦೪ನೆಯ ಇಸವಿ ಜನವರಿಯವರೆಗೆ ಈ ಸಂಹಿತೆಯು ಬರಿಯ ಉಪದೇಶವಾಗಿದ್ದು, ಅನಂತರವೇ ಕಡ್ಡಾಯವಾಯಿತು. ‘ಇಡುವುದೊಳ್ಳೆಯದು’ ಎಂಬುದಕ್ಕೂ ‘ಇಡತಕ್ಕದ್ದು’ ಎಂಬುದಕ್ಕೂ ಇರುವ ಭೇದವನ್ನು ಮೀಮಾಂಸಕರಿಗೆ ಹೇಳಬೇಕಾದುದಿಲ್ಲ. ಎರಡನೆಯದಾಗಿ, ಗ್ರಂಥವು ಪ್ರಯಾಣವನ್ನು ಉದ್ದೇಶಿಸಿದುದು; ದಡದಲ್ಲಿಯೇ ಉಳಿದುಹೋದ ಸರಕನ್ನು ಆಯಾ ದೇಶದ ಶಾಸನಕ್ಕೆ ಬಿಡುತ್ತದೆ. ಬೈರೂತಿನ ಬಂದರಿನಲ್ಲಿ ಹಡಗಿನಿಂದಿಳಿಸಿದ ೨,೭೫೦ ಟನ್ನು ಅಮೋನಿಯಂ ನೈಟ್ರೇಟು ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದಿದ್ದು, ೨೦೨೦ನೆಯ ಇಸವಿ ಆಗಸ್ಟ್ ೪ರಂದು ಸಿಡಿದು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ದೇಶತಃ ಸನ್ನಿಧಿಯನ್ನು ವಿಚಾರಿಸಿದಂತೆ ಕಾಲತಃ ಸನ್ನಿಧಿಯನ್ನೂ ವಿಚಾರಿಸಬೇಕು. ಮನೆಗಳ ಬಳಿ ಅಪಾಯವು ಎಷ್ಟು ದಿನ ಇರಬಹುದು?

ಮೂರನೆಯದು ಭಾಷೆಯ ದೋಷವು. ಎರಡೆರಡು ವರ್ಷಕ್ಕೊಮ್ಮೆ ತಿದ್ದುಪಡಿಯಾಗುವ ಈ ಬೃಹದ್ಗ್ರಂಥವನ್ನು ಮೂಟೆ ಹೊರುವವನು ಓದಲಾರನು. ಅವನಿಗಾಗಿ ವಜ್ರಾಕೃತಿಯ ಚೀಟಿಯ ಮೇಲೆ ಚಿತ್ರವನ್ನೂ ವರ್ಗದ ಅಂಕಿಯನ್ನೂ ಬರೆದಿರುವುದು ಸ್ತುತ್ಯವೇ. ಆದರೆ ಚಿತ್ರವು ‘ಇದು ಉರಿಯುವುದು’ ಎನ್ನುವುದೇ ಹೊರತು ‘ಇದನ್ನು ಅದರ ಪಕ್ಕದಲ್ಲಿಡಬೇಡ’ ಎನ್ನುವುದಿಲ್ಲ. ಸನ್ನಿಧಿನಿಷೇಧಕ್ಕೆ ವಾಕ್ಯವೇ ಬೇಕು, ಅದೂ ಅವನ ಭಾಷೆಯಲ್ಲಿ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಕಚ್ಚಾ ಎಣ್ಣೆಯೂ ದ್ರವೀಕೃತ ಅನಿಲವೂ ಇಳಿಯುತ್ತಿರುವುದರಿಂದ ಇದು ಕನ್ನಡಿಗರಿಗೂ ಸಂಬಂಧಿಸಿದ ಮಾತು. ಮೂರನೆಯ ಅಂತರಕ್ಕೆ ನಾನು ಮೊದಲು ‘ಕೋಷ್ಠಾಂತರವ್ಯವಧಾನ’ವೆಂದು ಬರೆದೆನು, ಮರುದಿನ ಓದಿ ಹೊಡೆದುಹಾಕಿ, ‘ನಡುವೆ ಒಂದು ಇಡೀ ಕೋಣೆ ಬಿಡು’ ಎಂದು ತಿದ್ದಿದೆನು. ಅವಸರದಲ್ಲಿ ಕೇಳಿದವನಿಗೆ ಒಡನೆ ತಿಳಿಯದ ಪದವು ಇಂತಹ ಗ್ರಂಥದಲ್ಲಿ ತಾನೇ ಒಂದು ಅಪಾಯದ್ರವ್ಯವು. ಪಾರಿಭಾಷಿಕ ಶಬ್ದಗಳನ್ನು ನಿರ್ಮಿಸಲು ಹೊರಟ ವಿದ್ವಾಂಸರು ಇದನ್ನು ಮನಸ್ಸಿನಲ್ಲಿಡಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.