ಸ್ಟೆಮ್ ಸೆಲ್ ಇಂಜೆಕ್ಷನ್: ಇಲಿಯ ಸಾಕ್ಷಿಯನ್ನು ಎಷ್ಟು ನಂಬಬೇಕು?

ಗಂಗಾವತಿಯ ಕಾಲುವೆ ಬಯಲಿನಲ್ಲಿ ವರ್ಷಕ್ಕೆರಡು ಸಲ ಬಗ್ಗಿ ಭತ್ತ ನಾಟಿ ಮಾಡಿದ ಹೆಣ್ಣುಮಕ್ಕಳ ಮೊಣಕಾಲು ಐವತ್ತು ತುಂಬುವಷ್ಟರಲ್ಲಿ ಸವೆದಿರುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಫ್ಲೋರೈಡ್ ಬೆರೆತ ಬೋರ್‌ವೆಲ್ ನೀರು ಕುಡಿದವರ ಕೀಲುಗಳು ಬಿಗಿದುಕೊಂಡಿರುತ್ತವೆ. ಇಂಥವರಿಗೆ ಮೊಣಕಾಲಿಗೆ ಹಾಕುವ ಸ್ಟೆಮ್ ಸೆಲ್ ಇಂಜೆಕ್ಷನ್ ದೊಡ್ಡ ಆಸೆ ಹುಟ್ಟಿಸುವುದು ಸಹಜ. ಆ ಆಸೆಯ ಜೊತೆಗೇ ಒಂದು ಭರವಸೆಯ ಮಾತು ಬರುತ್ತದೆ: ಪ್ರಾಣಿಗಳ ಮೇಲೆ ಪರೀಕ್ಷೆ ಆಗಿದೆ, ಅಪಾಯವಿಲ್ಲ. ಈ ಮಾತಿಗೆ ಬೆಲೆ ಇದೆ, ಆದರೆ ಬಹಳ ಸೀಮಿತವಾದ ಬೆಲೆ. ಪ್ರಾಣಿ ಪರೀಕ್ಷೆ ಒಂದು ಗೊತ್ತಾದ ತಯಾರಿಕೆ, ಗೊತ್ತಾದ ಪ್ರಮಾಣ, ಗೊತ್ತಾದ ದಾರಿಯಲ್ಲಿ ಕೊಟ್ಟಾಗ ಏನಾಯಿತು ಎಂಬುದನ್ನಷ್ಟೇ ಹೇಳಬಲ್ಲದು. ಅದನ್ನು ಎಲ್ಲ ಸ್ಟೆಮ್ ಸೆಲ್‌ಗಳಿಗೂ ಎಲ್ಲ ರೋಗಿಗಳಿಗೂ ಹಂಚುವುದು ತಪ್ಪು.

ಪರೀಕ್ಷೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇಪ್ಪತ್ತೈದು ಗ್ರಾಂ ತೂಗುವ ಬಿಳಿ ಇಲಿಯ ಬಾಲವನ್ನು ಬೆಚ್ಚಗೆ ಮಾಡಿ, ರಕ್ತನಾಳ ಉಬ್ಬಿದ ಮೇಲೆ ಸಣ್ಣ ಸೂಜಿಯಿಂದ ಕೋಶಗಳನ್ನು ಒಳಗೆ ಬಿಡುತ್ತಾರೆ. ಮೂಳೆಮಜ್ಜೆಯ ಮೀಸೆನ್ಕೈಮಲ್ ಎಂಬ ಸ್ಟೆಮ್ ಕೋಶದ ಗಾತ್ರ ಹದಿನೈದು ಮೈಕ್ರಾನ್‌ಗೂ ಹೆಚ್ಚು, ಶ್ವಾಸಕೋಶದ ಲೋಮನಾಳದ ಅಗಲ ಅದರ ಅರ್ಧದಷ್ಟು. ಹಾಗಾಗಿ ಬಹುಪಾಲು ಕೋಶಗಳು ಮೊದಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಕೋಶಗಳು ಒಂದಕ್ಕೊಂದು ಅಂಟಿ ಗಂಟಾಗಿದ್ದರೆ, ಇಲ್ಲವೆ ಬೇಗ ಬೇಗ ಒತ್ತಿದರೆ, ಇಲಿ ಕೆಲವೇ ನಿಮಿಷಗಳಲ್ಲಿ ಉಸಿರುಗಟ್ಟಿ ಸಾಯಬಹುದು. ಬದುಕಿದ ಇಲಿಗಳ ತೂಕ, ರಕ್ತ, ನಡವಳಿಕೆಯನ್ನು ವಾರಗಟ್ಟಲೆ ಬರೆದಿಟ್ಟು, ಕೊನೆಗೆ ಅವುಗಳ ಅಂಗಗಳನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಇದು ಶ್ರದ್ಧೆಯ ಕೆಲಸ. ಕೋಶ ಎಲ್ಲಿಗೆ ಹೋಯಿತು, ಎಲ್ಲಿ ನಿಂತಿತು, ಗಡ್ಡೆ ಕಟ್ಟಿತೇ ಎಂಬುದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶ ಇಷ್ಟು ಪೂರ್ಣವಾಗಿ ಹೇಳಲಾರದು.

ಆದರೆ ಈ ಪರೀಕ್ಷೆಯ ಒಳಗೇ ಒಂದು ಬಿರುಕಿದೆ. ಮನುಷ್ಯನ ಕೋಶವನ್ನು ಸಾಮಾನ್ಯ ಇಲಿಗೆ ಹಾಕಿದರೆ ಅದರ ರೋಗನಿರೋಧಕ ಶಕ್ತಿ ಅದನ್ನು ಪರಕೀಯವೆಂದು ಗುರುತಿಸಿ ಬೇಗನೆ ತೆಗೆದುಹಾಕುತ್ತದೆ. ಗಡ್ಡೆ ಬರಲಿಲ್ಲ ಎಂದರೆ ಕೋಶ ನಿರಪಾಯಕಾರಿ ಎಂದೋ, ಕೋಶ ಉಳಿಯಲೇ ಇಲ್ಲ ಎಂದೋ? ಈ ಗೊಂದಲ ತಪ್ಪಿಸಲು ರೋಗನಿರೋಧಕ ಶಕ್ತಿ ತೀರಾ ಕುಂದಿರುವಂತೆ ಬೆಳೆಸಿದ ಸ್ಕಿಡ್ (SCID) ಇಲಿಗಳನ್ನು ಬಳಸುತ್ತಾರೆ. ಅಲ್ಲಿ ಕೋಶ ಉಳಿಯುತ್ತದೆ, ಗಡ್ಡೆಯ ಅಪಾಯ ಕಾಣುತ್ತದೆ. ಆದರೆ ದೇಹ ಆ ಕೋಶದ ವಿರುದ್ಧ ತಿರುಗಿಬಿದ್ದರೆ ಏನಾಗುತ್ತದೆ ಎಂಬುದು ಕಾಣುವುದೇ ಇಲ್ಲ. ರೋಗಿಯ ದೇಹದಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ, ಈ ಎರಡು ಬಗೆಯ ಇಲಿಗಳಲ್ಲಿ ಯಾವುದೂ ಎರಡನ್ನೂ ಒಟ್ಟಿಗೆ ತೋರಿಸುವುದಿಲ್ಲ. ಇದು ಬರೀ ತರ್ಕವಲ್ಲ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಔಷಧವನ್ನು ಆರು ಜನ ಆರೋಗ್ಯವಂತರಿಗೆ ಕೊಟ್ಟಾಗ ಆರೂ ಮಂದಿಯ ಅಂಗಾಂಗಗಳು ಕೈಕೊಟ್ಟವು. ಅದರ ಐನೂರು ಪಟ್ಟು ಪ್ರಮಾಣವನ್ನು ಮಂಗಗಳು ತಡೆದುಕೊಂಡಿದ್ದವು. ಅದು ಸ್ಟೆಮ್ ಸೆಲ್ ಅಲ್ಲ, ನಿಜ. ಆದರೆ ರೋಗನಿರೋಧಕ ವ್ಯವಸ್ಥೆಯ ವಿಷಯದಲ್ಲಿ ಪ್ರಾಣಿ ಎಷ್ಟು ಮೋಸಗೊಳಿಸಬಲ್ಲದು ಎಂಬುದಕ್ಕೆ ಅದಕ್ಕಿಂತ ಕಠಿಣ ಪಾಠ ಬೇಕಿಲ್ಲ.

ಹಾಗಾದರೆ ಇಲಿಗಳನ್ನು ಸುಮ್ಮನೆ ಕೊಲ್ಲುವುದೇಕೆ ಎಂದು ಪ್ರಾಣಿದಯೆಯುಳ್ಳವರು ಕೇಳುತ್ತಾರೆ. 2023ರಲ್ಲಿ ನಮ್ಮ ಔಷಧ ನಿಯಮಗಳೇ ತಿದ್ದುಪಡಿಯಾಗಿ ಪ್ರಾಣಿಗಳಿಲ್ಲದ ಪರೀಕ್ಷೆಗಳಿಗೂ ದಾರಿ ಮಾಡಿಕೊಟ್ಟಿವೆ, ಒಳ್ಳೆಯದೇ ಆಯಿತು. ಆದರೂ ಪ್ರಾಣಿ ಕೊಟ್ಟ ಎಚ್ಚರಿಕೆ ಮನುಷ್ಯರನ್ನು ಕಾದ ಉದಾಹರಣೆ ಕಣ್ಣ ಮುಂದಿದೆ. ಅಮೆರಿಕದ ಜೆರಾನ್ ಕಂಪನಿ ಭ್ರೂಣದ ಸ್ಟೆಮ್ ಸೆಲ್‌ನಿಂದ ತಯಾರಿಸಿದ ಕೋಶಗಳನ್ನು ಬೆನ್ನುಹುರಿಗೆ ಪೆಟ್ಟಾದವರಿಗೆ ಹಾಕಲು ಹೊರಟಿದ್ದಾಗ, ಪ್ರಯೋಗದ ಪ್ರಾಣಿಗಳ ಬೆನ್ನುಹುರಿಯಲ್ಲಿ ನೀರುಗುಳ್ಳೆ ಕಂಡವು. 2009ರಲ್ಲಿ ಅಲ್ಲಿನ ಔಷಧ ಆಡಳಿತ ಪ್ರಯೋಗವನ್ನು ತಡೆಯಿತು. ಮತ್ತಷ್ಟು ಪರೀಕ್ಷೆಯ ನಂತರವೇ 2010ರಲ್ಲಿ ಮೊದಲ ರೋಗಿಗೆ ಅವಕಾಶ ಸಿಕ್ಕಿತು. ಅಂದರೆ ಇಲಿ ಅಪಾಯ ತೋರಿಸಿದರೆ ಆ ಮಾತನ್ನು ಕೇಳಲೇಬೇಕು. ಅಪಾಯ ತೋರಿಸದಿದ್ದರೆ ಅದನ್ನೇ ಅಭಯ ಎಂದುಕೊಳ್ಳಬಾರದು.

ನಮ್ಮದೇ ರಾಜ್ಯದ ಉದಾಹರಣೆಯನ್ನು ಈ ಅಳತೆಯಿಂದ ನೋಡಬಹುದು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಮೂಳೆಮಜ್ಜೆಯಿಂದ ತಯಾರಿಸಿದ ಕೋಶಗಳ ಪ್ರಾಣಿ ಪರೀಕ್ಷೆಯ ವಿವರವನ್ನು 2016ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟಿಸಿತು. ಪ್ರಕಟಿಸಿದ್ದೇ ದೊಡ್ಡದು, ಬೆಳಕಿಗೆ ಬಾರದ ಪರೀಕ್ಷೆಯಲ್ಲಿ ಸತ್ತ ಪ್ರಾಣಿ ವ್ಯರ್ಥವಾಗಿ ಸತ್ತಂತೆ. ಅರವತ್ತು ರೋಗಿಗಳ ಪ್ರಯೋಗದಲ್ಲಿ ಇದೇ ಕೋಶಗಳನ್ನು ಮೊಣಕಾಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ನೋಡಿದಾಗ, ಹೆಚ್ಚು ಕೋಶ ಪಡೆದವರಲ್ಲಿ ನೋವು, ಬಾವು ಹೆಚ್ಚಾಗಿ ಕಂಡಿತು, 2.5 ಕೋಟಿ ಕೋಶಗಳ ಕಡಿಮೆ ಪ್ರಮಾಣವೇ ಆಯ್ಕೆಯಾಯಿತು. ನೋವು ಎಷ್ಟೆಂದು ಬಾಯಿಬಿಟ್ಟು ಹೇಳಿದ್ದು ಮನುಷ್ಯರು. 2022ರಲ್ಲಿ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟಿದ್ದು ಎರಡು ಮತ್ತು ಮೂರನೇ ಹಂತದ ಸವೆತಕ್ಕೆ ಮಾತ್ರ. ಫ್ಲೋರೈಡಿನಿಂದ ಮೂಳೆಯೇ ಬದಲಾದ ಕೀಲು ಬೇರೆಯೇ ರೋಗ. ನೀರಿಗೆ ಫ್ಲೋರೈಡ್ ಬೆರೆಸಿ ಅಂಥ ಇಲಿಗಳನ್ನು ತಯಾರಿಸುವುದು ಪ್ರಯೋಗಾಲಯಕ್ಕೆ ಕಷ್ಟವೇನಲ್ಲ. ಯಲಬುರ್ಗಾದ ಮೊಣಕಾಲಿಗೆ ಈ ಮದ್ದು ಕೊಡುವ ಯೋಚನೆ ಇರುವವರು ಮೊದಲು ಅಂಥ ಇಲಿಯಲ್ಲಿ ನೋಡಲಿ.

ನನ್ನದೇ ಕೊಬ್ಬು, ನನ್ನದೇ ಮಜ್ಜೆ, ಅದರಿಂದ ನನಗೇನಾದೀತು ಎಂಬುದು ಎಲ್ಲಕ್ಕಿಂತ ಮೋಹಕವಾದ ವಾದ. ಫ್ಲಾರಿಡಾದಲ್ಲಿ 2015ರಲ್ಲಿ ಮೂವರು ಹೆಂಗಸರ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಅವರ ಎರಡೂ ಕಣ್ಣುಗಳಿಗೆ ಒಂದೇ ದಿನ ಚುಚ್ಚಲಾಯಿತು. ಕೋಶ ಅವರದ್ದೇ, ಹೋದ ದೃಷ್ಟಿಯೂ ಅವರದ್ದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ರಕ್ತರೋಗಗಳಿಗೆ ಮಾಡುವ ಮಜ್ಜೆ ಕಸಿಯನ್ನು ಬಿಟ್ಟು ಉಳಿದೆಲ್ಲ ಸ್ಟೆಮ್ ಸೆಲ್ ಬಳಕೆಯನ್ನೂ ಪ್ರಯೋಗದ ಚೌಕಟ್ಟಿನೊಳಗೇ ಇಟ್ಟಿದ್ದು ಇದಕ್ಕೇ. ಪ್ರಯೋಗವೆಂದರೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಆದ್ದರಿಂದ ಹುಬ್ಬಳ್ಳಿಗೋ ಹೈದರಾಬಾದಿಗೋ ಮೊಣಕಾಲು ತೋರಿಸಲು ಹೊರಟವರು ಅಲ್ಲಿ ಕೊಡುವ ಔಷಧದ ಹೆಸರು, ಅದಕ್ಕೆ ಸಿಕ್ಕ ಒಪ್ಪಿಗೆಯ ಕಾಗದ, ಇಲ್ಲವೇ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ ನೋಂದಣಿ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಅದನ್ನು ಕೊಡದೆ ಇಲಿಗಳ ಕಥೆಯನ್ನಷ್ಟೇ ಹೇಳಿದರೆ, ಇಂಜೆಕ್ಷನ್ ಬೇಡವೆಂದು ಎದ್ದು ಬನ್ನಿ.