ಭಾವವೂ ವಿವೇಕವೂ

ಇಂಗ್ಲಿಷ್ ಕಾವ್ಯದಲ್ಲಿ ಪೋಪನು ವಿವೇಕಕ್ಕೂ ವರ್ಡ್ಸ್‌ವರ್ತನು ಭಾವಕ್ಕೂ ಪ್ರತಿನಿಧಿಗಳೆಂದು ಹೇಳುವುದುಂಟು. ಈ ಭೇದವನ್ನೇ ಹಿಡಿದು, ಭಾವಗೀತೆಗೆ ಕಟ್ಟುಪಾಡೇ ಬೇಡವೆನ್ನುವವರ ಮಾತನ್ನು ಒಪ್ಪಲಾರೆವು. ಕವಿತೆಯು ಭಾವದ ಉಕ್ಕೆಂದ ವರ್ಡ್ಸ್‌ವರ್ತನೇ 1800ರ ಮುನ್ನುಡಿಯಲ್ಲಿ ಕವಿಗೆ ದೀರ್ಘವಾದ ಚಿಂತನೆಯೂ ಇರಬೇಕೆಂದನು.

ಬಳ್ಳಾರಿಯಲ್ಲಿ ಫ. ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವು ನೆರೆದ 1926ರಲ್ಲಿಯೇ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಪುಸ್ತಕವು ಹೊರಬಂದಿತು. ಷೆಲ್ಲಿ, ಬರ್ನ್ಸ್ ಮೊದಲಾದವರ ಹೃದಯವನ್ನು ಕನ್ನಡಕ್ಕೆ ತಂದ ಅವರು ಆದಿಪ್ರಾಸವನ್ನು ಬಿಟ್ಟರೇ ಹೊರತು ಮಾತ್ರಾಗಣದ ಲೆಕ್ಕವನ್ನು ಬಿಡಲಿಲ್ಲ. ಸೊಫೋಕ್ಲಿಸನನ್ನು ಅನುಸರಿಸಿ ‘ಅಶ್ವತ್ಥಾಮನ್’ (1929) ರಚಿಸಿದಾಗಲೂ ವೀರನ ಉನ್ಮಾದವನ್ನು ರುದ್ರನಾಟಕದ ಕಟ್ಟಿನೊಳಗೇ ನಿಲ್ಲಿಸಿದರು.

ತುಂಗಭದ್ರೆಯು ಕಾಲುವೆಯಲ್ಲಿ ಹರಿದು ಬಂದರೆ ಸಿರುಗುಪ್ಪದ ಗದ್ದೆಗಳಿಗೆ ಬೆಳೆ. ದಡ ಮೀರಿ ಬಂದರೆ ಹಾನಿ. ಕಾವ್ಯದಲ್ಲಿ ಭಾವವೂ ಅಂತೆಯೇ.