ಒಂದು ಟಿಕೆಟ್, ಆರು ಸಾಲು: ಐಟಿಲ್ ಓದುವವರಿಗೊಂದು ವ್ಯಾಖ್ಯಾನ

2021ರ ಆಗಸ್ಟ್ ಕೊನೆಯಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿ ತಲುಪಿತು. 2023ರ ಅಕ್ಟೋಬರ್ 9ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲಿನಲ್ಲಿ ಹೋಗಬಹುದಾಯಿತು. ಪಟ್ಟಣಗೆರೆ ಹತ್ತಿರದ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕಿಗೋ ವೈಟ್‌ಫೀಲ್ಡ್ ತುದಿಯ ಕಂಪನಿಗಳಿಗೋ ಕೆಂಗೇರಿ ಕಡೆಯಿಂದ ಹೋಗುವವರೆಲ್ಲ ಕೋಡ್ ಬರೆಯುವವರಲ್ಲ. ಬಿ.ಕಾಂ., ಬಿಸಿಎ, ಡಿಪ್ಲೊಮಾ ಮುಗಿಸಿ ಸರ್ವಿಸ್ ಡೆಸ್ಕಿನಲ್ಲಿ ಶಿಫ್ಟ್ ಲೆಕ್ಕದಲ್ಲಿ ಟಿಕೆಟ್, ಅಂದರೆ ದಾಖಲಾದ ದೂರು, ಕೋರಿಕೆಗಳನ್ನು ನೋಡುವವರೂ ಇದ್ದಾರೆ. ಒಂದೆರಡು ವರ್ಷ ಕಳೆದ ಮೇಲೆ ಟೀಮ್ ಲೀಡ್ ಅವರನ್ನು ಕರೆದು ಹೇಳುತ್ತಾರೆ, "ಐಟಿಲ್ ಫೌಂಡೇಶನ್ ಒಂದು ಮಾಡ್ಕೊಂಬಿಡಪ್ಪ." ಐಟಿಲ್ ಎಂದರೆ ಐಟಿ ಸೇವೆಗಳನ್ನು ನಿರ್ವಹಿಸುವ ಪದ್ಧತಿಗಳ ಸಂಗ್ರಹ, ಫೌಂಡೇಶನ್ ಅದರ ಮೊದಲ ಹಂತದ ಪರೀಕ್ಷೆ. ಆ ಸಂಜೆಯಿಂದಲೇ ಡಂಪ್ಸ್, ಅಂದರೆ ಸೋರಿಕೆಯಾದ ಪ್ರಶ್ನೋತ್ತರಗಳ ಹುಡುಕಾಟ ಶುರುವಾಗುತ್ತದೆ.

ಡಂಪ್ಸ್ ಬಾಯಿಪಾಠ ಮಾಡಬೇಡಿ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಪರೀಕ್ಷೆಯಲ್ಲಿ ಕೇಳುವ ಮುಖ್ಯ ಸಂಗತಿಗಳು ನೀವು ದಿನವೂ ಮುಟ್ಟುವ ಟಿಕೆಟ್‌ನಲ್ಲೇ ಇವೆ. ಪಾಠಕ್ಕೆಂದೇ ಒಂದು ಟಿಕೆಟ್ ಕಲ್ಪಿಸಿದ್ದೇನೆ: ಕೆಂಗೇರಿ ಉಪನಗರದ ಒಂದು ಬ್ಯಾಂಕ್ ಶಾಖೆ, ಕೆಟ್ಟು ನಿಂತ ಪಾಸ್‌ಬುಕ್ ಪ್ರಿಂಟರ್. ಸಾಲು ಸಾಲಾಗಿ ಓದೋಣ.

1. ಇನ್ಸಿಡೆಂಟ್. ಸೋಮವಾರ ಬೆಳಿಗ್ಗೆ 10:12. ಶಾಖೆಯಲ್ಲಿ ಪಾಸ್‌ಬುಕ್ ಪ್ರಿಂಟ್ ಆಗುತ್ತಿಲ್ಲ.

ಯೋಜಿಸದೆ ಸೇವೆ ನಿಂತರೆ ಅಥವಾ ಅದರ ಗುಣಮಟ್ಟ ಕುಸಿದರೆ ಅದು ಇನ್ಸಿಡೆಂಟ್. ಪೂರ್ತಿ ನಿಲ್ಲಬೇಕೆಂದಿಲ್ಲ, ಒಂದು ಪುಟಕ್ಕೆ ಐದು ನಿಮಿಷ ಹಿಡಿದರೂ ಇನ್ಸಿಡೆಂಟೇ. ಅದೇ ಶಾಖೆಯವರು "ಹೊಸ ಪ್ರಿಂಟರ್ ಒಂದು ಕೊಡಿ" ಎಂದು ಕೇಳಿದರೆ ಅಲ್ಲಿ ಏನೂ ಕೆಟ್ಟಿಲ್ಲ, ಅದು ಸರ್ವಿಸ್ ರಿಕ್ವೆಸ್ಟ್. ಇವೆರಡನ್ನು ಒಂದೇ ಸಾಲಿಗೆ ಹಾಕಿದ ಡೆಸ್ಕಿನಲ್ಲಿ ಹೊಸ ಮೌಸ್ ಕೇಳಿದವರ ಹಿಂದೆ ಕೆಲಸ ನಿಂತವರು ಕಾಯಬೇಕಾಗುತ್ತದೆ.

ಬರೆದ ರೀತಿಯನ್ನೂ ಗಮನಿಸಿ. "ಡ್ರೈವರ್ ಕೆಟ್ಟಿದೆ" ಎಂದು ಬರೆದಿಲ್ಲ. ಕೌಂಟರಿನ ಹಿಂದೆ ಕೂತವರು ಕಂಡದ್ದನ್ನು ಕಂಡಂತೆ ಬರೆದಿದೆ. ಊಹೆಯನ್ನು ಮೊದಲ ಸಾಲಿನಲ್ಲೇ ಸೇರಿಸಿದರೆ ಮುಂದಿನ ಶಿಫ್ಟಿನವರು ಅದನ್ನೇ ಸತ್ಯವೆಂದು ನಂಬಿ ಹುಡುಕುತ್ತಾ ಹೋಗುತ್ತಾರೆ.

2. ಪರಿಣಾಮ: ಒಂದು ಶಾಖೆ. ತುರ್ತು: ಹೆಚ್ಚು. ಆದ್ಯತೆ: 2. ಗಡುವು: 4 ಗಂಟೆ.

ಎಷ್ಟು ಜನರಿಗೆ ತೊಂದರೆ, ಎಷ್ಟು ಬೇಗ ಸರಿಯಾಗಬೇಕು ಎಂಬ ಎರಡನ್ನೂ ಸೇರಿಸಿ ನೋಡಿದರೆ ಆದ್ಯತೆ ಸಿಗುತ್ತದೆ. ಫೋನಿನಲ್ಲಿ ಯಾರು ಜೋರಾಗಿ ಕೂಗಿದರು ಎಂಬುದಕ್ಕೆ ಇಲ್ಲಿ ಜಾಗವಿಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕುಂಟಿದಾಗ ತೊಂದರೆ ಒಂದು ಕಚೇರಿಗೆ ಸೀಮಿತವಾಗಿರಲಿಲ್ಲ. ರಾಜ್ಯದ ಉದ್ದಗಲಕ್ಕೂ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ತೊಡರಿತು, ಅದು ಸೈಬರ್ ದಾಳಿಯೆಂದು ಪೊಲೀಸರಿಗೆ ದೂರೂ ಹೋಯಿತು. ಅಂಥದ್ದು ಮೇಜರ್ ಇನ್ಸಿಡೆಂಟ್. ಅದಕ್ಕೆ ಬೇರೆಯೇ ತಂಡ, ಬೇರೆಯೇ ಕ್ರಮ ಇರುತ್ತದೆ.

ಗಡುವಿನ ಹಿಂದಿರುವುದು ಎಸ್‌ಎಲ್‌ಎ, ಅಂದರೆ ಸೇವೆ ಕೊಡುವವರೂ ಪಡೆಯುವವರೂ ಮೊದಲೇ ಒಪ್ಪಿಕೊಂಡ ಮಟ್ಟ. ಇದು ಕಂಪನಿಗಳಿಗೆ ಮಾತ್ರ ಸೇರಿದ ವಿಷಯವಲ್ಲ. 2012ರ ಏಪ್ರಿಲ್ 2ರಂದು ಜಾರಿಗೆ ಬಂದ ನಮ್ಮ ರಾಜ್ಯದ ಸಕಾಲ ಯೋಜನೆಯಲ್ಲಿ ಅರ್ಜಿಗೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇದೆ, ಪ್ರತಿ ಸೇವೆಗೂ ದಿನದ ಮಿತಿ ಇದೆ, ಮಿತಿ ದಾಟಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದವರಿಗೆ ಟಿಕೆಟ್ ನಂಬರ್, ಗಡುವು, ಮೇಲ್ಮನವಿ ಎಲ್ಲವೂ ಗೊತ್ತು. ಐಟಿಲ್‌ನ ಈ ಅಧ್ಯಾಯಕ್ಕೆ ಹೆದರುವವರಿಗೆ ನಾನು ಮೊದಲು ಸಕಾಲವನ್ನೇ ನೆನಪಿಸುತ್ತೇನೆ.

3. 10:51. ಪ್ರಿಂಟ್ ಸರ್ವಿಸ್ ರೀಸ್ಟಾರ್ಟ್ ಮಾಡಿ ಸೇವೆ ಮರಳಿಸಲಾಗಿದೆ. ಕಾರಣ ತಿಳಿದಿಲ್ಲ.

39 ನಿಮಿಷ. ಇನ್ಸಿಡೆಂಟ್ ನಿರ್ವಹಣೆಯ ಗುರಿ ಆದಷ್ಟು ಬೇಗ ಸೇವೆ ಮರಳಿಸುವುದು. ಕಾರಣ ಹುಡುಕುವುದು ಆಮೇಲಿನ ಮಾತು. ಪಿಂಚಣಿಯ ಹಿರಿಯರು ಸಾಲಿನಲ್ಲಿ ನಿಂತಿರುವಾಗ ಎಂಜಿನಿಯರ್ ಲಾಗ್ ಫೈಲಿನೊಳಗೆ ಮುಳುಗಬಾರದು. ತಾತ್ಕಾಲಿಕವಾಗಿ ದಾರಿ ಮಾಡಿಕೊಡುವ ಈ ಕ್ರಮಕ್ಕೆ ವರ್ಕ್‌ಅರೌಂಡ್ ಎನ್ನುತ್ತಾರೆ.

ಇಡೀ ಟಿಕೆಟ್‌ನಲ್ಲಿ ನನಗೆ ಹೆಚ್ಚು ಗೌರವ ಇರುವುದು "ಕಾರಣ ತಿಳಿದಿಲ್ಲ" ಎಂಬ ಮಾತಿನ ಮೇಲೆ. ಹಾಗೆ ಬರೆದವನು ಮುಂದೆ ಹುಡುಕುವವನಿಗೆ ದಾರಿ ಬಿಟ್ಟಿದ್ದಾನೆ. "ಸರಿಪಡಿಸಲಾಗಿದೆ" ಎಂದಷ್ಟೇ ಬರೆದಿದ್ದರೆ ಮುಂದಿನ ಸಾಲು ಹುಟ್ಟುತ್ತಲೇ ಇರಲಿಲ್ಲ.

4. ಈ ತಿಂಗಳಲ್ಲಿ ಇದು ಮೂರನೇ ಸಲ. ಪ್ರಾಬ್ಲಮ್ ರೆಕಾರ್ಡ್ ತೆರೆಯಲಾಗಿದೆ.

ಫೌಂಡೇಶನ್ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿ. ಇನ್ಸಿಡೆಂಟ್ ದೊಡ್ಡದಾದರೆ ಪ್ರಾಬ್ಲಮ್ ಆಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಾಗುವುದಿಲ್ಲ. ಒಂದು ಅಥವಾ ಹಲವು ಇನ್ಸಿಡೆಂಟ್‌ಗಳ ಕಾರಣವೇ ಪ್ರಾಬ್ಲಮ್; ಮುಂದೆ ಕಾರಣವಾಗಬಹುದಾದದ್ದೂ ಪ್ರಾಬ್ಲಮ್ಮೇ. ಆದ್ದರಿಂದ ಒಂದೂ ಇನ್ಸಿಡೆಂಟ್ ಇಲ್ಲದೆಯೂ ಪ್ರಾಬ್ಲಮ್ ರೆಕಾರ್ಡ್ ತೆರೆಯಬಹುದು. ಕಾರಣ ವಿಶ್ಲೇಷಿಸಿಯಾಗಿದೆ, ಆದರೆ ಇನ್ನೂ ನಿವಾರಣೆಯಾಗಿಲ್ಲ ಎನ್ನುವ ಹಂತಕ್ಕೆ ಬಂದರೆ ಅದು ನೋನ್ ಎರರ್. ಅದನ್ನು ವರ್ಕ್‌ಅರೌಂಡಿನ ಜೊತೆ ಬರೆದಿಟ್ಟರೆ, ರಾತ್ರಿ ಶಿಫ್ಟಿನಲ್ಲಿ ಒಬ್ಬಳೇ ಇರುವ ಹೊಸ ಹುಡುಗಿಯೂ ಹತ್ತು ನಿಮಿಷದಲ್ಲಿ ಸೇವೆ ಮರಳಿಸಬಲ್ಲಳು.

ಮೂರು ಸಲ ರೀಸ್ಟಾರ್ಟ್ ಮಾಡಿದವರು ಮೂರು ಬೇರೆ ಬೇರೆ ಶಿಫ್ಟಿನವರು ಇದ್ದಿರಬಹುದು. ಮೂರೂ ಟಿಕೆಟ್ ಗಡುವಿನೊಳಗೆ ಮುಚ್ಚಿರುತ್ತವೆ, ಮೂರೂ ವರದಿಯಲ್ಲಿ ಹಸಿರು. ಅವನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರದೂ ಅಲ್ಲದಿದ್ದರೆ ನಾಲ್ಕನೇ ಸಲವೂ ಅದೇ ನಡೆಯುತ್ತದೆ. ಬ್ರಿಟನ್ ಸರ್ಕಾರದ ಸಿಸಿಟಿಎ ಎಂಬ ಸಂಸ್ಥೆ 1980ರ ದಶಕದಲ್ಲಿ, ಮುಂದೆ ಐಟಿಲ್ ಆದ ಈ ಪದ್ಧತಿಗಳನ್ನು ಬರೆದಿಡಲು ಹೊರಟಿತು; ಅದರ ಬೆಲೆ ನನಗೆ ಕಾಣುವುದು ಇಂಥ ಕಡೆಯೇ.

5. ಚೇಂಜ್: ಶನಿವಾರ ರಾತ್ರಿ ಡ್ರೈವರ್ ಬದಲಾವಣೆ. ಕೆಟ್ಟರೆ ಹಳೆಯದಕ್ಕೆ ಮರಳುವ ಕ್ರಮ ಲಗತ್ತಿಸಿದೆ.

ಸ್ಟಾಂಡರ್ಡ್, ನಾರ್ಮಲ್, ಎಮರ್ಜೆನ್ಸಿ ಎಂದು ಚೇಂಜ್ ಮೂರು ಬಗೆ. ಹುಡುಕಾಟದಲ್ಲಿ ಕಾರಣ ಡ್ರೈವರ್ ಎಂದು ಗೊತ್ತಾದ ಮೇಲಿನ ಈ ಚೇಂಜ್ ನಾರ್ಮಲ್, ಒಪ್ಪಿಗೆ ಪಡೆದು, ಶಾಖೆ ಮುಚ್ಚಿದ ಮೇಲೆ ಮಾಡುವಂಥದ್ದು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಅಪ್‌ಡೇಟಿನಿಂದ ಮೈಕ್ರೊಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಮರಳುವ ದಾರಿ ಯಾಕೆ ಬೇಕು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

6. ಶಾಖೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆ ಮುಚ್ಚಲಾಗಿದೆ.

ಹೊರಗೆ ಹಸಿರು, ಒಳಗೆ ಕೆಂಪು ಇರುವ ವರದಿಯನ್ನು ಈ ವೃತ್ತಿಯವರು ಕಲ್ಲಂಗಡಿಗೆ ಹೋಲಿಸುತ್ತಾರೆ. ಅಂಕಿಗಳೆಲ್ಲ ಸರಿ ಇದ್ದರೂ ಬಳಸುವವರು ಬೇಸತ್ತಿರುತ್ತಾರೆ. ಉತ್ತರ ಬಾರದೆ ತಾನಾಗಿ ಮುಚ್ಚಿಕೊಂಡ ಟಿಕೆಟ್‌ಗಳಿಂದ ಇಂಥ ಹಸಿರು ಸುಲಭವಾಗಿ ಬರುತ್ತದೆ. ಒಂದು ಫೋನ್ ಮಾಡಿ "ಸರ್, ಈಗ ಸರಿ ಹೋಯ್ತಾ?" ಎಂದು ಕೇಳುವುದನ್ನು ಯಾವ ಪರೀಕ್ಷೆಯೂ ಕಲಿಸಲಾರದು. ಐಟಿಲ್ 4ರ ಏಳು ಮಾರ್ಗದರ್ಶಿ ತತ್ತ್ವಗಳಲ್ಲಿ ಮೊದಲನೆಯದು ಬಳಕೆದಾರರಿಗೆ ಸಿಗುವ ಮೌಲ್ಯದ ಕುರಿತೇ ಇದೆ.

ಇನ್ನು ತಯಾರಿಯ ವಿಚಾರ. ಐಟಿಲ್ 4 ಬಂದದ್ದು 2019ರಲ್ಲಿ. ಅದರ ಒಡೆತನ ಹೊಂದಿದ್ದ ಆಕ್ಸೆಲೋಸ್ 2021ರಲ್ಲಿ ಪೀಪಲ್‌ಸರ್ಟ್ ಪಾಲಾಯಿತು. ಐಟಿಲ್ 4 ಫೌಂಡೇಶನ್‌ನಲ್ಲಿ 40 ಪ್ರಶ್ನೆ, 60 ನಿಮಿಷ, 26 ಸರಿಯಾದರೆ ಪಾಸ್. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ 15 ನಿಮಿಷ ಹೆಚ್ಚು ಸಿಗಬಹುದು, ಬುಕ್ ಮಾಡುವಾಗಲೇ ನೋಡಿಕೊಳ್ಳಿ. ಫೌಂಡೇಶನ್‌ಗೆ ತರಗತಿ ಕಡ್ಡಾಯವಲ್ಲ, ಮನೆಯಲ್ಲೇ ಓದಿ ಬರೆಯಬಹುದು. ಮಾನ್ಯತೆ ಪಡೆದ ತರಬೇತಿ ಕಡ್ಡಾಯವಾಗುವುದು ಮುಂದಿನ ಹಂತಗಳಿಗೆ, ಅಲ್ಲಿ ಕಂಪನಿ ಹಣ ಕೊಡುತ್ತದೆಯೇ ಎಂದು ಕೇಳಿ. ಪ್ರಮಾಣಪತ್ರವನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು; ಕಟ್ಟುವ ಹಣವನ್ನು ಆ ಲೆಕ್ಕದಲ್ಲೇ ಎಣಿಸಿ. ಐಟಿಲ್ ಜೊತೆ ಕೇಳಿಬರುವ ಬೇರೆ ಹೆಸರುಗಳೂ ಇವೆ. ಐಎಸ್‌ಒ 20000 ಸಂಸ್ಥೆಗೆ ಸಿಗುವ ಪ್ರಮಾಣೀಕರಣ. ಆಡಿಟ್, ಆಡಳಿತದ ಕಡೆ ಹೋಗುವವರಿಗೆ ಐಸಾಕಾ ಸಂಸ್ಥೆಯ ಕೋಬಿಟ್ ಚೌಕಟ್ಟು ಹೊಂದುತ್ತದೆ. ಕೈಯಲ್ಲಿ ಹಣವಿಲ್ಲದಿದ್ದರೆ ಫಿಟ್‌ಎಸ್‌ಎಂ ದಾಖಲೆಗಳನ್ನು ಉಚಿತವಾಗಿ ಇಳಿಸಿಕೊಂಡು ವಿಷಯದ ಪರಿಚಯ ಮಾಡಿಕೊಳ್ಳಬಹುದು.

ಹಣ ಕಟ್ಟುವ ಮೊದಲು ನಿಮ್ಮ ಡೆಸ್ಕಿನಲ್ಲಿ ಮುಚ್ಚಿದ ಹತ್ತು ಟಿಕೆಟ್ ತೆರೆದು, ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟು, ಪ್ರತಿ ಸಾಲಿಗೂ ಹೀಗೊಂದು ವ್ಯಾಖ್ಯಾನ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಜೊತೆಗಾರರಿಗೆ ಓದಿ ಹೇಳಿ. ಗ್ರಾಹಕರ ಹೆಸರು, ಖಾತೆ ವಿವರ ಮಾತ್ರ ಕಚೇರಿಯ ಹೊಸ್ತಿಲು ದಾಟದಿರಲಿ.